ಪಾಲಿಕ್ಲಿನಿಕ್ ಒಂದು ಕಡೆ, ಖಾಸಗಿ ಆಸ್ಪತ್ರೆ ಇನ್ನೊಂದು ಕಡೆ: ಮಾಜಿ ಸೈನಿಕರ ಚಿಕಿತ್ಸೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು, ಬೆಳಗಾವಿ, ಹಾಸನದ ಕಡೆ ಪಿಂಚಣಿ ಪಡೆಯುವ ಮಾಜಿ ಸೈನಿಕರ ಮನೆಗಳು ಬೇಕಾದಷ್ಟಿವೆ. ಬೆಂಗಳೂರಿನಲ್ಲಂತೂ ಬೇರೆ ರಾಜ್ಯಗಳಿಂದ ಬಂದು ನೆಲೆಸಿದವರೂ ಸೇರಿಕೊಳ್ಳುತ್ತಾರೆ. ಇವರ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಓದುವವರು ಮಗ, ಮಗಳು, ಸೊಸೆ ಆಗಿರಬಹುದು ಅಂದುಕೊಂಡೇ ಬರೆದದ್ದು. ಫೈಲ್ ಹಿಡಿದು ಓಡಾಡುವವರು ಸಾಮಾನ್ಯವಾಗಿ ಅವರೇ ತಾನೇ.

ಇಸಿಎಚ್‌ಎಸ್ ಅಂದರೆ ಏನು? ಇದರಲ್ಲಿ ಸರ್ಕಾರಿ ಡಾಕ್ಟರ್ ಯಾರು, ಖಾಸಗಿ ಡಾಕ್ಟರ್ ಯಾರು?

ಎಕ್ಸ್-ಸರ್ವಿಸ್‌ಮೆನ್ ಕಾಂಟ್ರಿಬ್ಯೂಟರಿ ಹೆಲ್ತ್ ಸ್ಕೀಮ್ ಅಂತ ಪೂರ್ತಿ ಹೆಸರು. ಇದು ಮಾಜಿ ಸೈನಿಕರು ಒಂದು ಸಲ ವಂತಿಗೆ ಕಟ್ಟಿ ಸೇರುವ ಆರೋಗ್ಯ ಯೋಜನೆ. ರಕ್ಷಣಾ ಸಚಿವಾಲಯದ್ದು. 2003ರ ಏಪ್ರಿಲ್ 1ರಂದು ಶುರುವಾಯಿತು. ದೇಶದಲ್ಲಿ ಇದರ 400ಕ್ಕೂ ಹೆಚ್ಚು ಪಾಲಿಕ್ಲಿನಿಕ್‌ಗಳಿವೆ. ನಮ್ಮಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ, ಧಾರವಾಡದಂಥ ಕಡೆ ಇವೆ.

ಪಾಲಿಕ್ಲಿನಿಕ್‌ನಲ್ಲಿ ಕೂರುವ ಮೆಡಿಕಲ್ ಆಫೀಸರ್ ನಿಮ್ಮ ಸರ್ಕಾರಿ ಡಾಕ್ಟರ್. ಸಣ್ಣಪುಟ್ಟ ಕಾಯಿಲೆ, ಬಿಪಿ, ಶುಗರ್, ಹಲ್ಲು, ತಿಂಗಳ ಮಾತ್ರೆ ಎಲ್ಲ ಅಲ್ಲೇ. ಅವರ ಕೈಯಲ್ಲಿ ಆಗದ್ದಕ್ಕೆ ಮಿಲಿಟರಿ ಆಸ್ಪತ್ರೆಗೋ, ಯೋಜನೆ ಒಪ್ಪಂದ ಮಾಡಿಕೊಂಡಿರುವ ಖಾಸಗಿ ಆಸ್ಪತ್ರೆಗೋ ಕಳಿಸುತ್ತಾರೆ. ಈ ಒಪ್ಪಂದದ ಆಸ್ಪತ್ರೆಯನ್ನು ಎಲ್ಲರೂ 'ಎಂಪ್ಯಾನಲ್ ಆಸ್ಪತ್ರೆ' ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಹಾಸ್ಪಿಟಲ್‌ನಲ್ಲಿ ಜಾಗ ಮತ್ತು ಸೌಲಭ್ಯ ಇದ್ದರೆ ಅಲ್ಲಿಗೂ ಕಳಿಸುವುದುಂಟು.

ಹೀಗೆ ಒಬ್ಬ ರೋಗಿಗೆ ಎರಡು ಮೂರು ಕಡೆ ಡಾಕ್ಟರು. ತಲೆನೋವು ಶುರುವಾಗುವುದೂ ಇಲ್ಲೇ.

ಯಾರ್ಯಾರಿಗೆ ಸಿಗುತ್ತದೆ?

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ, ಅವರ ಹೆಂಡತಿ ಅಥವಾ ಗಂಡನಿಗೆ, ಕುಟುಂಬ ಪಿಂಚಣಿ ಪಡೆಯುವವರಿಗೆ. ಮಗನಿಗೆ 25 ವರ್ಷದವರೆಗೆ. ಅಷ್ಟರೊಳಗೆ ಕೆಲಸ ಸಿಕ್ಕರೆ ಅಥವಾ ಮದುವೆಯಾದರೆ ಅಲ್ಲಿಗೇ ಮುಗಿಯಿತು. ಮಗಳಿಗೆ ಕೆಲಸ ಸಿಗುವವರೆಗೆ ಅಥವಾ ಮದುವೆಯಾಗುವವರೆಗೆ, ವಯಸ್ಸಿನ ಮಿತಿಯಿಲ್ಲ. ಅಂಗವೈಕಲ್ಯ ಇರುವ ಮಕ್ಕಳಿಗೆ ಬೇರೆ ನಿಯಮ, ಅವರಿಗೆ ವಯಸ್ಸು ಅಡ್ಡಿಯಾಗುವುದಿಲ್ಲ. ತಂದೆ ತಾಯಿಯೂ ಸೇರಬಹುದು. ಆದರೆ ಇಬ್ಬರ ಆದಾಯ ಸೇರಿ ತಿಂಗಳಿಗೆ 9,000 ರೂಪಾಯಿ ಮತ್ತು ತುಟ್ಟಿಭತ್ಯೆಯ ಮಿತಿ ದಾಟಬಾರದು.

ವಂತಿಗೆ ಒಂದೇ ಸಲ. ಸಿಪಾಯಿಯಿಂದ ಹವಾಲ್ದಾರ್‌ವರೆಗೆ 30,000, ಜೆಸಿಒಗಳಿಗೆ (ಸುಬೇದಾರ್ ದರ್ಜೆಯವರಿಗೆ) 67,000, ಅಧಿಕಾರಿಗಳಿಗೆ 1,20,000 ರೂಪಾಯಿ. 1996ಕ್ಕಿಂತ ಮುಂಚೆ ನಿವೃತ್ತರಾದವರಿಗೂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೂ ಇದು ಮಾಫಿ. ಅಡ್ಮಿಟ್ ಆದಾಗ ಯಾವ ವಾರ್ಡು ಅನ್ನುವುದೂ ಇದೇ ದರ್ಜೆಯ ಮೇಲೆ: ಜನರಲ್, ಸೆಮಿ ಪ್ರೈವೇಟ್, ಪ್ರೈವೇಟ್. ಒಂದೇ ಬಂಕರ್‌ನಲ್ಲಿ ಮಲಗಿದವರನ್ನು ಮುಪ್ಪಿನಲ್ಲಿ ಬೇರೆ ಬೇರೆ ವಾರ್ಡಿಗೆ ಹಾಕುವುದು ನನಗೆ ಯಾವತ್ತೂ ಸರಿ ಅನಿಸಿಲ್ಲ. ನಿಯಮ ಮಾತ್ರ ಹಾಗೇ ಇದೆ.

ಪಿಂಚಣಿ ಇಲ್ಲದೆ ಸೇವೆಯಿಂದ ಬಂದವರಿಗೆ?

ಶಾರ್ಟ್ ಸರ್ವೀಸ್ ಅಧಿಕಾರಿಗಳು, ಎಮರ್ಜೆನ್ಸಿ ಕಮಿಷನ್ ಪಡೆದವರು, ಎರಡನೇ ಮಹಾಯುದ್ಧದ ಸೈನಿಕರು, ಅವಧಿಗೆ ಮುಂಚೆ ನಿವೃತ್ತರಾದವರು, ಇವರಿಗೆಲ್ಲ 2019ರಲ್ಲಿ ಬಾಗಿಲು ತೆರೆದರು. ಇವುಗಳಲ್ಲಿ ಯಾವ ಗುಂಪಿಗೂ ಸೇರದೆ ಉಳಿದವರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿ. ಪಿಂಚಣಿ ಇಲ್ಲದ ಮಾಜಿ ಸೈನಿಕರ ದೊಡ್ಡ ಕಾಯಿಲೆಗಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಧನಸಹಾಯ ಇದೆ. ಅರ್ಜಿ ಆ ಕಚೇರಿಯಿಂದಲೇ ಹೋಗಬೇಕು.

ಕಾರ್ಡ್ ಇದೆಯಲ್ಲ, ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಆಗಲ್ವಾ?

ಆಗುವುದಿಲ್ಲ. ಮೊದಲು ಪಾಲಿಕ್ಲಿನಿಕ್, ಅಲ್ಲಿ ರೆಫರಲ್ (ಇಂಥ ಆಸ್ಪತ್ರೆಗೆ ಹೋಗಿ ಅಂತ ಬರೆದುಕೊಡುವುದು), ಆಮೇಲೆ ಆಸ್ಪತ್ರೆ. ಇದಕ್ಕೆ ಎರಡು ವಿನಾಯಿತಿ ಇವೆ. ಒಂದು ತುರ್ತು ಸ್ಥಿತಿ, ಅದನ್ನು ಕೆಳಗೆ ಬರೆದಿದ್ದೇನೆ. ಇನ್ನೊಂದು ವಯಸ್ಸು. ನಿಗದಿಯಾದ ವಯಸ್ಸು ದಾಟಿದ ಹಿರಿಯರು (ಈಗ ಅದು ಎಷ್ಟು ಅಂತ ಪಾಲಿಕ್ಲಿನಿಕ್‌ನಲ್ಲಿ ಕೇಳಿಕೊಳ್ಳಿ) ಎಂಪ್ಯಾನಲ್ ಆಸ್ಪತ್ರೆಯ ಸ್ಪೆಷಲಿಸ್ಟನ್ನು ಓಪಿಡಿಯಲ್ಲಿ ರೆಫರಲ್ ಇಲ್ಲದೆಯೇ ನೋಡಬಹುದು. ಆದರೆ ನೋಡಿಸಿಕೊಳ್ಳುವುದಕ್ಕೆ ಮಾತ್ರ ಈ ಅನುಕೂಲ. ಆ ಡಾಕ್ಟರು ಆಪರೇಷನ್ ಬೇಕು, ಅಡ್ಮಿಟ್ ಆಗಿ ಅಂದರೆ ಪಾಲಿಕ್ಲಿನಿಕ್‌ಗೆ ಬರಲೇಬೇಕು.

ರೆಫರಲ್ ಮಾಡಿಸುವಾಗ ಏನೇನು ನೋಡಿಕೊಳ್ಳಬೇಕು?

ರೆಫರಲ್ ಈಗ ಕಂಪ್ಯೂಟರಿನಲ್ಲೇ ಆಗುತ್ತದೆ. ಆಸ್ಪತ್ರೆಯವರಿಗೆ ಅವರ ಪರದೆಯ ಮೇಲೆ ಕಾಣುತ್ತದೆ. ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಯಾವುದು ಬೇಕು ಅನ್ನುವುದು ನಿಮ್ಮ ಆಯ್ಕೆ. ಯಾರೂ ಒಂದೇ ಹೆಸರು ಹೇಳಿ ಒತ್ತಾಯ ಮಾಡುವ ಹಾಗಿಲ್ಲ.

ಆಯ್ಕೆ ಮಾಡುವ ಮುಂಚೆ ಮನೆಯಿಂದಲೇ ಆ ಆಸ್ಪತ್ರೆಗೆ ಫೋನ್ ಮಾಡಿ ಎರಡು ವಿಷಯ ಕೇಳಿ. ನಿಮಗೆ ಬೇಕಾದ ವಿಭಾಗ ಇಸಿಎಚ್‌ಎಸ್ ಒಪ್ಪಂದದಲ್ಲಿ ಇದೆಯಾ? ಈಗ ಇಸಿಎಚ್‌ಎಸ್ ರೋಗಿಗಳನ್ನು ತೆಗೆದುಕೊಳ್ಳುತ್ತಿದ್ದಾರಾ? ಆಸ್ಪತ್ರೆ ಪಟ್ಟಿಯಲ್ಲಿ ಇದ್ದರೂ ಅದರ ಎಲ್ಲ ವಿಭಾಗಗಳೂ ಒಪ್ಪಂದದಲ್ಲಿ ಇರಬೇಕೆಂದಿಲ್ಲ. ಕಣ್ಣಿಗೆ ಇರುತ್ತದೆ, ಮೂಳೆಗೆ ಇರುವುದಿಲ್ಲ. ಇನ್ನು ಬಾಕಿ ಬಿಲ್ ಬರಲಿಲ್ಲ ಅಂತ ಕೆಲವು ಆಸ್ಪತ್ರೆಗಳು ನಡುವೆ ಕೈಯೆತ್ತುವುದೂ ಉಂಟು. ನೂರಾರು ಕಿಲೋಮೀಟರ್ ಬಸ್ಸಿನಲ್ಲಿ ಹೋದ ಮೇಲೆ ಇದು ಗೊತ್ತಾಗುವುದಕ್ಕಿಂತ ಒಂದು ಫೋನ್ ಮಾಡುವುದು ಮೇಲು.

ರೆಫರಲ್ ಮೇಲೆ ಹೆಸರು, ಕಾರ್ಡ್ ನಂಬರ್, ವಿಭಾಗ, ಯಾವ ದಿನದವರೆಗೆ ನಡೆಯುತ್ತದೆ ಇಷ್ಟನ್ನೂ ಕೌಂಟರ್ ಬಿಡುವ ಮುಂಚೆ ಓದಿ. ಬರೀ ಸಲಹೆಗಾ, ಪರೀಕ್ಷೆಗೂ ಸೇರಿಸಿದ್ದಾರಾ, ಅಡ್ಮಿಷನ್‌ಗಾ ಅನ್ನುವುದನ್ನೂ ನೋಡಿ. ಅಪ್ಪನಿಗೆ ಹೃದಯದ ತೊಂದರೆಯೂ ಇದೆ, ಕಿಡ್ನಿ ತೊಂದರೆಯೂ ಇದೆ ಅಂದರೆ ಎರಡನ್ನೂ ಮೆಡಿಕಲ್ ಆಫೀಸರ್‌ಗೆ ಮೊದಲೇ ಹೇಳಿ. ಡಯಾಲಿಸಿಸ್, ಕೀಮೋ ಥರ ಮತ್ತೆ ಮತ್ತೆ ಹೋಗಬೇಕಾದ ಚಿಕಿತ್ಸೆ ಆದರೆ ಅದನ್ನೂ ಹೇಳಿ, ಅದಕ್ಕೆ ತಕ್ಕ ಹಾಗೆ ಬರೆಯುತ್ತಾರೆ.

ಖಾಸಗಿ ಡಾಕ್ಟರು ಆಂಜಿಯೋಗ್ರಾಮ್ ಬರೆದುಕೊಟ್ಟರು. ಮತ್ತೆ ಪಾಲಿಕ್ಲಿನಿಕ್‌ಗೆ ಹೋಗಿ ಅಂತಾರೆ. ಸುಮ್ನೆ ಓಡಾಡಿಸುತ್ತಾರಾ?

ಓಡಾಟ ನಿಜ, ಸುಮ್ಮನೆ ಅಲ್ಲ. ಮೊದಲ ರೆಫರಲ್ ಸಲಹೆಗೆ ಕೊಟ್ಟದ್ದು. ಸಲಹೆ ಕೊಟ್ಟ ಡಾಕ್ಟರು ಮುಂದಿನ ಖರ್ಚನ್ನು ತಾವೇ ಮಂಜೂರು ಮಾಡಿಕೊಳ್ಳುವಂತಿಲ್ಲ. ಅವರ ಸಲಹೆಯನ್ನು ಪಾಲಿಕ್ಲಿನಿಕ್ ನೋಡಿ ಒಪ್ಪಬೇಕು, ಆಮೇಲೆ ಎರಡನೇ ರೆಫರಲ್. ಬೇಡದ ಆಪರೇಷನ್ನು ಮಾಡಿ ಬಿಲ್ ಏರಿಸುವುದನ್ನು ತಡೆಯಲು ಇದು ಇರುವುದು. ನಮ್ಮ ಕಾಲದಲ್ಲಿ ಇಂಥದ್ದೊಂದು ತಡೆ ಬೇಕೇ ಬೇಕು ಅಂತ ನನ್ನ ಅನಿಸಿಕೆ. ಬೇಜಾರು ಏನೆಂದರೆ, ಸರ್ಕಾರದ ದುಡ್ಡು ಕಾಯುವ ಕೆಲಸಕ್ಕೆ ಎಪ್ಪತ್ತು ವರ್ಷದವರು ಬಸ್ ಹತ್ತಬೇಕು.

ಓಡಾಟ ಒಂದು ಸಲಕ್ಕೇ ಮುಗಿಯಬೇಕಾದರೆ ಖಾಸಗಿ ಡಾಕ್ಟರ ಹತ್ತಿರವೇ ಸರಿಯಾಗಿ ಬರೆಸಿಕೊಳ್ಳಿ. 'ರಿವ್ಯೂ' ಅಂತ ಗೀಚಿದ ಚೀಟಿಯಿಂದ ಏನೂ ಆಗುವುದಿಲ್ಲ. ಕಾಯಿಲೆ ಏನು, ಯಾವ ಪರೀಕ್ಷೆ ಅಥವಾ ಆಪರೇಷನ್, ಯಾಕೆ ಬೇಕು, ಎಷ್ಟು ಬೇಗ ಬೇಕು ಅಂತ ಇರಬೇಕು. ಸ್ಟೆಂಟ್, ಮಂಡಿ ಚಿಪ್ಪು, ಪೇಸ್‌ಮೇಕರ್ ಹಾಕುವುದಿದ್ದರೆ ಅದರ ವಿವರವೂ ಬೇಕು. ಯೋಜನೆಯ ದರಪಟ್ಟಿಯಲ್ಲಿ ಇಲ್ಲದ ಚಿಕಿತ್ಸೆಯಾದರೆ ಮೇಲಿನ ಕಚೇರಿಯಿಂದ ಮುಂಚಿತವಾಗಿ ಒಪ್ಪಿಗೆ ತರಿಸಬೇಕು. ಅದಕ್ಕೆ ಅಂದಾಜು ಖರ್ಚಿನ ಪತ್ರವನ್ನೂ ಆಗಲೇ ಕೇಳಿ ತಂದುಬಿಡಿ.

ಈ ಡಾಕ್ಟರುಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರಾ?

ಇಲ್ಲ ಅಂತಲೇ ಅಂದುಕೊಳ್ಳಿ. ರೆಫರಲ್ ಕಂಪ್ಯೂಟರಿನಲ್ಲಿ ಹೋಗುತ್ತದೆ. ಬಿಲ್ ಕಂಪ್ಯೂಟರಿನಲ್ಲಿ ಬರುತ್ತದೆ. ಆದರೆ 'ಇವರಿಗೆ ನಾನು ರಕ್ತ ತೆಳುವಾಗಿಸುವ ಮಾತ್ರೆ ಶುರು ಮಾಡಿದ್ದೇನೆ, ಮಂಡಿನೋವಿಗೆ ಡೈಕ್ಲೋಫೆನಾಕ್ ಕೊಡಬೇಡಿ' ಅನ್ನುವ ಮಾತು ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಿಗೆ ತಾನಾಗಿ ತಲುಪುವ ದಾರಿ ಇಲ್ಲ. ದುಡ್ಡಿನ ಲೆಕ್ಕಕ್ಕೆ ಮಾಡಿದ ವ್ಯವಸ್ಥೆ ಕಾಯಿಲೆಯ ಲೆಕ್ಕಕ್ಕೆ ಇನ್ನೂ ಆಗಿಲ್ಲ. ಆ ಮಾತನ್ನು ಹೊತ್ತು ಸಾಗಿಸುವವರು ರೋಗಿ ಮತ್ತು ಮನೆಯವರು.

ಹಾಗಾಗಿ ಫೈಲ್. ದಪ್ಪ ಫೈಲ್ ಅಲ್ಲ. ಇಪ್ಪತ್ತು ವರ್ಷದ ಎಕ್ಸ್‌ರೇ ಎಲ್ಲ ತುಂಬಿದ ಚೀಲವನ್ನು ಯಾವ ಡಾಕ್ಟರೂ ಬಿಚ್ಚಿ ನೋಡುವುದಿಲ್ಲ. ಮೇಲ್ಗಡೆ ಒಂದೇ ಹಾಳೆ ಇರಲಿ. ಅದರಲ್ಲಿ ಇರುವ ಕಾಯಿಲೆಗಳು, ಆದ ಆಪರೇಷನ್ನುಗಳು ಮತ್ತು ವರ್ಷ, ಯಾವ ಔಷಧಿ ಒಗ್ಗುವುದಿಲ್ಲ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಪ್ರಮಾಣ, ಹೊತ್ತು. ಕೆಳಗೆ ಪಾಲಿಕ್ಲಿನಿಕ್ ಯಾವುದು, ಖಾಸಗಿ ಸ್ಪೆಷಲಿಸ್ಟ್ ಯಾರು, ಮನೆಯವರ ಫೋನ್ ನಂಬರ್. ಮಾತ್ರೆ ಬದಲಾದ ದಿನವೇ ಹಾಳೆಯೂ ಬದಲಾಗಲಿ, ಮೇಲೆ ತಾರೀಕು ಇರಲಿ. ಅದರ ಹಿಂದೆ ಇತ್ತೀಚಿನ ಡಿಸ್ಚಾರ್ಜ್ ಸಮ್ಮರಿ, ಇಸಿಜಿ, ಎಕೋ, ಕ್ರಿಯಾಟಿನಿನ್ ಮತ್ತು ಶುಗರ್ ರಿಪೋರ್ಟ್ ಸಾಕು. ಎಲ್ಲದರ ಫೋಟೋ ಇಬ್ಬರ ಮೊಬೈಲ್‌ನಲ್ಲಾದರೂ ಇರಲಿ, ಹೊರದೇಶದಲ್ಲಿರುವ ಮಗನ ಮೊಬೈಲ್ ಆದರೂ ನಡೆಯುತ್ತದೆ.

ಇನ್ನೊಂದು ಮಾತು. ಫೌಜಿನವರು ಡಾಕ್ಟರ ಮುಂದೆ ಕೂತರೆ 'ಏನೂ ಇಲ್ಲ ಸರ್, ಆರಾಮಿದೀನಿ' ಅಂತಲೇ ಶುರು ಮಾಡುತ್ತಾರೆ. ಪಕ್ಕದಲ್ಲಿ ಕೂತವರು ನಿಜ ಹೇಳಬೇಕು.

ಖಾಸಗಿ ಡಾಕ್ಟರು ಬರೆದ ಮಾತ್ರೆ ಒಂದು, ಪಾಲಿಕ್ಲಿನಿಕ್‌ನಲ್ಲಿ ಕೊಟ್ಟದ್ದು ಇನ್ನೊಂದು. ನುಂಗಬಹುದಾ?

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ಅಪಾಯವೂ ಇಲ್ಲೇ ಜಾಸ್ತಿ.

ಖಾಸಗಿ ಡಾಕ್ಟರು ಬರೆಯುವುದು ಕಂಪನಿಯ ಹೆಸರು. ಪಾಲಿಕ್ಲಿನಿಕ್ ಕೊಡುವುದು ಅದೇ ಔಷಧಿ, ಬೇರೆ ಕಂಪನಿಯದ್ದು. ಹೆಸರು ಬೇರೆ, ಬಣ್ಣ ಬೇರೆ, ಮಾತ್ರೆಯ ಪಟ್ಟಿ (ಸ್ಟ್ರಿಪ್) ಬೇರೆ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಎರಡೂ ಒಂದೇ ಆಗಿದ್ದರೆ ಸಾಮಾನ್ಯವಾಗಿ ಹೆದರುವಂಥದ್ದು ಏನಿಲ್ಲ.

ಇದರಲ್ಲಿ ಮೂರು ರೀತಿ ಎಡವಟ್ಟು ಆಗುತ್ತದೆ. ಮೊದಲನೆಯದು, ಡಬಲ್ ಡೋಸ್. ಡಿಸ್ಚಾರ್ಜ್ ಆಗುವಾಗ ಆಸ್ಪತ್ರೆಯವರು ಕೆಲವು ದಿನದ ಮಾತ್ರೆ ಕೊಟ್ಟಿರುತ್ತಾರೆ. ಆಮೇಲೆ ಪಾಲಿಕ್ಲಿನಿಕ್‌ನಿಂದ ತಿಂಗಳದ್ದು ಬರುತ್ತದೆ. ಹೆಸರು ಬೇರೆ ಇರುವುದರಿಂದ ಎರಡನ್ನೂ ನುಂಗುತ್ತಾರೆ. ಬಿಪಿ ಮಾತ್ರೆ ಎರಡೆರಡು ಆದರೆ ಎದ್ದು ನಿಂತಾಗ ತಲೆಸುತ್ತಿ ಬೀಳುತ್ತಾರೆ. ಶುಗರ್ ಮಾತ್ರೆ ಎರಡಾದರೆ ಶುಗರ್ ಏಕಾಏಕಿ ಇಳಿಯುತ್ತದೆ, ಪ್ರಜ್ಞೆ ತಪ್ಪಬಹುದು.

ಎರಡನೆಯದು ಇದರ ಉಲ್ಟಾ. ಖಾಸಗಿ ಡಾಕ್ಟರು ಟೆಲ್ಮಿಸಾರ್ಟಾನ್ ಮತ್ತು ಆಮ್ಲೋಡಿಪಿನ್ ಎರಡೂ ಸೇರಿದ ಒಂದೇ ಮಾತ್ರೆ ಬರೆದಿರುತ್ತಾರೆ. ಪಾಲಿಕ್ಲಿನಿಕ್‌ನಲ್ಲಿ ಅದು ಎರಡು ಬೇರೆ ಬೇರೆ ಮಾತ್ರೆಯಾಗಿ ಸಿಗುತ್ತದೆ. 'ಬರೆದದ್ದು ಒಂದು, ಕೊಟ್ಟದ್ದು ಎರಡು, ಒಂದು ಜಾಸ್ತಿ ಕೊಟ್ಟಿದ್ದಾರೆ' ಅಂತ ಮನೆಯಲ್ಲಿ ಒಂದನ್ನು ಎತ್ತಿಡುತ್ತಾರೆ. ಬಿಪಿ ಹತೋಟಿಗೆ ಬರುವುದಿಲ್ಲ. ಮುಂದಿನ ಸಲ ಖಾಸಗಿ ಡಾಕ್ಟರು, ಮಾತ್ರೆ ಸಾಲುತ್ತಿಲ್ಲ ಅಂತ ಡೋಸ್ ಏರಿಸುತ್ತಾರೆ!

ಮೂರನೆಯದು, ನಿಲ್ಲಿಸಿದ ಮಾತ್ರೆ ನಿಲ್ಲದೇ ಇರುವುದು. ಸ್ಪೆಷಲಿಸ್ಟ್ ಹೊಸದನ್ನು ಶುರು ಮಾಡುತ್ತಾರೆ. ಹಳೆಯದನ್ನು ನಿಲ್ಲಿಸಿ ಅಂತ ಬಾಯಲ್ಲಿ ಹೇಳುತ್ತಾರೆ, ಬರೆಯುವುದಿಲ್ಲ. ಪಾಲಿಕ್ಲಿನಿಕ್‌ನವರು ಹಳೆಯ ಚೀಟಿ ನೋಡಿ ಹಳೆಯದನ್ನೂ ಕೊಡುತ್ತಲೇ ಇರುತ್ತಾರೆ. ಪ್ರತಿ ಸಲ ಡಾಕ್ಟರ ಹತ್ತಿರ 'ಯಾವುದನ್ನು ನಿಲ್ಲಿಸಬೇಕು, ಅದನ್ನೂ ಬರೆದುಕೊಡಿ' ಅಂತ ಕೇಳಿ.

ಔಷಧಿ ಕೌಂಟರಿನಲ್ಲೇ ಹೊಸ ಚೀಟಿ ಮತ್ತು ಕೈಗೆ ಬಂದ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ಫಾರ್ಮಸಿಸ್ಟ್ ಹತ್ತಿರ ಗುರುತು ಹಾಕಿಸಿಕೊಳ್ಳಿ. ಹಿಂದೆ ಸಾಲಿನಲ್ಲಿ ಇರುವವರು ಗೊಣಗಿದರೆ ಗೊಣಗಲಿ. ಫಿಟ್ಸ್, ಥೈರಾಯ್ಡ್, ವಾರ್ಫರಿನ್ ಥರದ ಔಷಧಿಗಳಲ್ಲಿ ಮಾತ್ರ ಕಂಪನಿ ಬದಲಾದರೂ ಡಾಕ್ಟರಿಗೆ ತಿಳಿಸಿ.

'ಎನ್‌ಎ' ಅಂತ ಬರೆದು ಕಳಿಸಿದರು. ಈಗ?

ಸ್ಟಾಕ್ ಇಲ್ಲ ಅಂತ ಅರ್ಥ. ಇದು ಹಳೇ ಕಾಯಿಲೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ತನ್ನ 2015ರ ವರದಿಯಲ್ಲೇ ಔಷಧಿ ಕೊರತೆಯನ್ನು ಎತ್ತಿ ಹೇಳಿತ್ತು. ಪಾಲಿಕ್ಲಿನಿಕ್ ತನ್ನ ಗೊತ್ತುಪಡಿಸಿದ ಔಷಧಿ ಅಂಗಡಿಯಿಂದ ತರಿಸಿಕೊಡಬಹುದು. ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿ. ಅಷ್ಟು ಕಾಯಲು ಆಗದಿದ್ದರೆ ಹೊರಗೆ ಕೊಂಡು ದುಡ್ಡು ವಾಪಸ್ ಪಡೆಯುವ ದಾರಿಯೂ ಇದೆ. ಅದಕ್ಕೆ ಚೀಟಿಯ ಮೇಲೆ ಎನ್‌ಎ ಮುದ್ರೆ ಮತ್ತು ಸಹಿ ಇರಲೇಬೇಕು. ಮುದ್ರೆ ಇಲ್ಲದೆ ಕೊಂಡರೆ ಆ ಬಿಲ್ಲು ನಿಮ್ಮದೇ. ಮಾತ್ರೆ ಪೂರ್ತಿ ಖಾಲಿಯಾಗುವವರೆಗೆ ಕಾಯದೆ ಒಂದು ವಾರ ಮುಂಚೆ ಹೋದರೆ ಇದೆಲ್ಲದಕ್ಕೂ ಸಮಯ ಸಿಗುತ್ತದೆ.

ಒಬ್ಬರು ಆಪರೇಷನ್ ಬೇಕು ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ. ಯಾರ ಮಾತು ಕೇಳುವುದು?

ಇಬ್ಬರ ಹತ್ತಿರವೂ ಕಾರಣ ಬರೆಸಿಕೊಳ್ಳಿ. ಮೆಡಿಕಲ್ ಆಫೀಸರ್ ಹತ್ತಿರ ಇನ್ನೊಂದು ಎಂಪ್ಯಾನಲ್ ಆಸ್ಪತ್ರೆಗೋ ಮಿಲಿಟರಿ ಆಸ್ಪತ್ರೆಗೋ ರೆಫರಲ್ ಕೇಳಬಹುದು. ತುರ್ತು ಇಲ್ಲದ ಆಪರೇಷನ್ ಆದರೆ, ಅದರಲ್ಲೂ ಮಂಡಿ, ಬೆನ್ನು ಆದರೆ, ಮಿಲಿಟರಿ ಆಸ್ಪತ್ರೆಯ ಸ್ಪೆಷಲಿಸ್ಟ್ ಅಭಿಪ್ರಾಯ ಕೇಳುವುದು ಒಳ್ಳೆಯದು ಅಂತ ನಾನು ಹೇಳುತ್ತೇನೆ. ಅವರಿಗೆ ನಿಮ್ಮ ಆಪರೇಷನ್ನಿಂದ ಬರುವ ಲಾಭ ಏನೂ ಇಲ್ಲ ನೋಡಿ.

ರಾತ್ರಿ ಎದೆನೋವು ಬಂದರೆ?

ರೆಫರಲ್ ಗಿಫರಲ್ ಯೋಚನೆ ಬಿಡಿ. ಹತ್ತಿರದ ಒಳ್ಳೆಯ ಆಸ್ಪತ್ರೆಗೆ ಹೋಗಿ. ಎಂಪ್ಯಾನಲ್ ಆಸ್ಪತ್ರೆ ಆದರೆ ಕಾರ್ಡ್ ತೋರಿಸಿ. ತುರ್ತು ಅಡ್ಮಿಷನ್ ಅಂತ ಅವರೇ ಆನ್‌ಲೈನ್‌ನಲ್ಲಿ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ತಿಳಿಸಿದ್ದಾರಾ ಅಂತ ಮರುದಿನ ಕೌಂಟರಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆ ಆದರೆ ತಿಳಿಸುವ ಜವಾಬ್ದಾರಿ ನಿಮ್ಮದು. 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಫೋನ್ ಮಾಡಿ ಬಿಡಬೇಡಿ, ಇಮೇಲ್ ಕಳಿಸಿ ಅಥವಾ ಯಾರನ್ನಾದರೂ ಕಳಿಸಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಿಲ್ ನೀವೇ ಕಟ್ಟಬೇಕು, ಆಮೇಲೆ ವಾಪಸ್ ಕೇಳಬೇಕು. ತುರ್ತು ಸ್ಥಿತಿ ಇತ್ತು ಅಂತ ಡಾಕ್ಟರ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಬಿಡಿಬಿಡಿಯಾಗಿ ಬರೆದ ಮೂಲ ಬಿಲ್ಲು, ದುಡ್ಡು ಕಟ್ಟಿದ ರಸೀದಿ, ಸ್ಟೆಂಟ್ ಹಾಕಿದ್ದರೆ ಅದರ ಸ್ಟಿಕ್ಕರ್ ಇವೆಲ್ಲ ಬೇಕು. ಇವನ್ನು ಆಸ್ಪತ್ರೆಯಿಂದ ಹೊರಡುವ ದಿನವೇ ಕೇಳಿ ಪಡೆಯಿರಿ. ತಿಂಗಳು ಕಳೆದ ಮೇಲೆ ಅದೇ ಕಾಗದಕ್ಕೆ ಬಹಳ ಅಲೆಯಬೇಕಾಗುತ್ತದೆ.

ಕಟ್ಟಿದ್ದೆಲ್ಲ ವಾಪಸ್ ಬರುತ್ತದಾ?

ಇಲ್ಲ. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ದರದ ಲೆಕ್ಕದಲ್ಲಿ ಬರುತ್ತದೆ. ದೊಡ್ಡ ಆಸ್ಪತ್ರೆಯ ಬಿಲ್ಲಿಗೂ ಆ ದರಕ್ಕೂ ಬಹಳ ಅಂತರ ಇರಬಹುದು, ಅದು ಕೈಬಿಟ್ಟ ಹಾಗೆ. ಅದಕ್ಕೇ, ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿ ರೋಗಿ ಸ್ವಲ್ಪ ಸುಧಾರಿಸಿದ ಕೂಡಲೇ, ಡಾಕ್ಟರು ಒಪ್ಪಿದರೆ, ಎಂಪ್ಯಾನಲ್ ಆಸ್ಪತ್ರೆಗೆ ಸಾಗಿಸುವ ಯೋಚನೆ ಮಾಡಿ.

ರೆಫರಲ್ ಇದ್ದರೂ ಆಸ್ಪತ್ರೆಯವರು ಅಡ್ವಾನ್ಸ್ ಕೇಳುತ್ತಿದ್ದಾರೆ.

ಕೇಳುವ ಹಾಗಿಲ್ಲ. ಒಪ್ಪಂದದ ಚಿಕಿತ್ಸೆ ನಗದುರಹಿತ. ಅವರಿಗೆ ಸರ್ಕಾರದಿಂದ ದುಡ್ಡು ತಡವಾಗಿ ಬರುತ್ತದೆ ಅನ್ನುವುದು ನಿಜವಾದ ಕಷ್ಟ, ಆದರೆ ಅದನ್ನು ರೋಗಿಯ ಮೇಲೆ ಹಾಕುವಂತಿಲ್ಲ. ಯಾವ ಬಾಬ್ತಿಗೆ ಕೇಳುತ್ತಿದ್ದೀರಿ ಅಂತ ಬರೆದು ಕೊಡಲು ಹೇಳಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಪಾಲಿಕ್ಲಿನಿಕ್‌ನ ಓಐಸಿಗೆ (ಉಸ್ತುವಾರಿ ಅಧಿಕಾರಿಗೆ), ಆಮೇಲೆ ಯೋಜನೆಯ ಪ್ರಾದೇಶಿಕ ಕೇಂದ್ರಕ್ಕೆ ದೂರು ಕೊಡಿ. ಜೊತೆಗಿರುವವರ ಊಟ, ಸೋಪು ಪೇಸ್ಟು ಇಂಥದ್ದಕ್ಕೆ ನೀವೇ ಕೊಡಬೇಕು.

ನಮ್ಮೂರಿನ ಡಾಕ್ಟರನ್ನೇ ತೋರಿಸುತ್ತೇವೆ. ಅವರ ಚೀಟಿ ನಡೆಯುತ್ತದಾ?

ಅವರ ಫೀಸು ವಾಪಸ್ ಬರುವುದಿಲ್ಲ. ಆದರೆ ಅವರನ್ನು ಬಿಡಬೇಡಿ. ಪಾಲಿಕ್ಲಿನಿಕ್‌ನಲ್ಲಿ ಡಾಕ್ಟರುಗಳು ಒಪ್ಪಂದದ ಮೇಲೆ ಇರುತ್ತಾರೆ, ಬದಲಾಗುತ್ತಾರೆ. ಇಪ್ಪತ್ತು ವರ್ಷದಿಂದ ನೋಡಿದವರು ಊರಿನ ಡಾಕ್ಟರೇ. ಅವರ ಚೀಟಿಯನ್ನು ಮೆಡಿಕಲ್ ಆಫೀಸರ್‌ಗೆ ತೋರಿಸಿ. ಒಪ್ಪಿಗೆಯಾದರೆ ಅದನ್ನೇ ಪಾಲಿಕ್ಲಿನಿಕ್ ಚೀಟಿಯಲ್ಲಿ ಬರೆದು ಮಾತ್ರೆ ಕೊಡುತ್ತಾರೆ.

ಅಪ್ಪ ಅಮ್ಮ ಆರು ತಿಂಗಳು ಮಡಿಕೇರಿ, ಆರು ತಿಂಗಳು ಬೆಂಗಳೂರು. ಹೇಗೆ?

ಕಾರ್ಡ್ ದೇಶದ ಯಾವ ಪಾಲಿಕ್ಲಿನಿಕ್‌ನಲ್ಲಾದರೂ ನಡೆಯುತ್ತದೆ. ಖಾಯಂ ಆಗಿ ಬಂದುಬಿಟ್ಟರೆ ಮೂಲ ಪಾಲಿಕ್ಲಿನಿಕ್ ಬದಲಿಸಿಕೊಳ್ಳಿ, ವಾಪಸ್ ಹಣದ ಅರ್ಜಿಗಳು ಅಲ್ಲಿಂದಲೇ ಹೋಗುವುದು. ಮೇಲೆ ಹೇಳಿದ ಆ ಒಂದು ಹಾಳೆಯ ಬೆಲೆ ಇಂಥ ಮನೆಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಫೋನಿನಲ್ಲೇ ಡಾಕ್ಟರನ್ನು ಕೇಳಬಹುದಾ?

ಸೆಹತ್ ಓಪಿಡಿ ಅಂತ ಇದೆ, ರಕ್ಷಣಾ ಸಚಿವಾಲಯ 2021ರ ಮೇ ತಿಂಗಳಲ್ಲಿ ಶುರು ಮಾಡಿದ್ದು. ವಿಡಿಯೋದಲ್ಲಿ ಮಿಲಿಟರಿ ಡಾಕ್ಟರ ಸಲಹೆ ಉಚಿತ. ರಿಪೋರ್ಟ್ ತೋರಿಸಲು, ಈ ಮಾತ್ರೆ ಜೊತೆ ಆ ಮಾತ್ರೆ ನಡೆಯುತ್ತದಾ ಅಂತ ಕೇಳಲು ಚೆನ್ನಾಗಿದೆ. ಎದೆನೋವಿಗೆ ಇದನ್ನು ನಂಬಿ ಕೂರಬೇಡಿ.

70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಬಂದಿದೆಯಲ್ಲ, ಅದನ್ನು ಮಾಡಿಸಲಾ?

2024ರಲ್ಲಿ ಕೇಂದ್ರ ಸರ್ಕಾರ 70 ತುಂಬಿದ ಎಲ್ಲರಿಗೂ ಅದನ್ನು ವಿಸ್ತರಿಸಿತು. ಆದರೆ ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಅದರಲ್ಲಿ ವರ್ಷಕ್ಕೆ 5 ಲಕ್ಷದ ಮಿತಿ, ಅದೂ ಅಡ್ಮಿಟ್ ಆದರೆ. ಇಸಿಎಚ್‌ಎಸ್‌ನಲ್ಲಿ ಅಂಥ ಮಿತಿ ಇಲ್ಲ, ಓಪಿಡಿ ಇದೆ, ತಿಂಗಳ ಮಾತ್ರೆ ಇದೆ. ಬಿಟ್ಟುಕೊಡುವುದಕ್ಕೆ ನನಗೆ ಒಂದು ಕಾರಣವೂ ಕಾಣುವುದಿಲ್ಲ. ಶಿಬಿರದಲ್ಲಿ ಯಾರೋ ಹೆಬ್ಬೆಟ್ಟು ಒತ್ತಿ ಅಂದರು ಅಂತ ಒತ್ತಿಬಿಡಬೇಡಿ.

ನಿದ್ದೆ ಬರಲ್ಲ, ಸಿಟ್ಟು, ಕುಡಿತ. ಇದಕ್ಕೂ ಚಿಕಿತ್ಸೆ ಇದೆಯಾ?

ಇದೆ. ಮನೋವೈದ್ಯರಿಗೂ ಇದೇ ರೀತಿ ರೆಫರಲ್ ಸಿಗುತ್ತದೆ. ಅಪ್ಪ ಪಾಲಿಕ್ಲಿನಿಕ್‌ನಲ್ಲಿ ಎಲ್ಲರೆದುರು ಹೇಳಲು ಹಿಂಜರಿದರೆ, ನೀವು ಮೊದಲು ಮೆಡಿಕಲ್ ಆಫೀಸರ್ ಹತ್ತಿರ ಒಬ್ಬರೇ ಮಾತಾಡಿ. ಅಷ್ಟೂ ಆಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆ ಮಾತ್ರೆ ಮತ್ತು ಕುಡಿತ ಎರಡೂ ಇದ್ದರೆ ಅದನ್ನು ಇಬ್ಬರು ಡಾಕ್ಟರಿಗೂ ಹೇಳಲೇಬೇಕು, ಮುಚ್ಚಿಟ್ಟರೆ ಪ್ರಾಣಕ್ಕೇ ಅಪಾಯ.

ಅಪ್ಪ ಹೋದ ಮೇಲೆ ಅಮ್ಮನ ಚಿಕಿತ್ಸೆ?

ಕುಟುಂಬ ಪಿಂಚಣಿ ಬರುತ್ತಿರುವಷ್ಟು ಕಾಲ ಅಮ್ಮನಿಗೆ ಇಸಿಎಚ್‌ಎಸ್ ಮುಂದುವರಿಯುತ್ತದೆ, ಮತ್ತೆ ವಂತಿಗೆ ಇಲ್ಲ. ಆದರೆ ಮೂಲ ಸದಸ್ಯರ ಜಾಗಕ್ಕೆ ಅವರ ಹೆಸರು ಬರಬೇಕು. ಮರಣ ಪ್ರಮಾಣಪತ್ರ, ಕುಟುಂಬ ಪಿಂಚಣಿಯ ಆದೇಶ, ಆಧಾರ್ ಇಟ್ಟು ಅರ್ಜಿ ಹಾಕಿ. ಎಷ್ಟೋ ತಾಯಂದಿರಿಗೆ ಅದುವರೆಗೆ ಪಾಲಿಕ್ಲಿನಿಕ್ ದಾರಿಯೂ ಗೊತ್ತಿರುವುದಿಲ್ಲ, ಎಲ್ಲ ಯಜಮಾನರೇ ನೋಡಿಕೊಂಡಿರುತ್ತಾರೆ. ಸೇನೆಯ ಡಿಸ್ಚಾರ್ಜ್ ಬುಕ್ (ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ), ಆಧಾರ್, ಪಿಂಚಣಿ ದಾಖಲೆಯಲ್ಲಿ ಅವರ ಹೆಸರಿನ ಅಕ್ಷರಗಳು ಹೊಂದುತ್ತವೆಯಾ ಅಂತ ಈಗಲೇ ನೋಡಿಟ್ಟುಕೊಳ್ಳಿ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಮ್ಮ ಅಂತಿದ್ದರೆ ಅದನ್ನು ಸರಿ ಮಾಡಿಸಲು ಸೇವಾ ದಾಖಲೆ ಇರುವ ರೆಕಾರ್ಡ್ ಆಫೀಸಿಗೆ ಬರೆಯಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಪ್ಪ ಇರುವಾಗಲೇ ಅವರ ಸಹಿಯಲ್ಲಿ ಆ ಕಾಗದ ಹೋದರೆ ಕೆಲಸ ಬೇಗ ಆಗುತ್ತದೆ.